ಮೊದಲ ಫಲಶ್ರುತಿ

ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಕ್ರಾಸಿನಲ್ಲಿ ವಿಜಯೇಂದ್ರ ಸಾರ್ ಎಂದರೆ ‘ನಮ್ಮ ಬಡಾವಣೆ’ ಪೇಪರಿನವರು. ತಿಂಗಳಿಗೊಮ್ಮೆ ಬರುವ ನಾಲ್ಕು ಪುಟದ ಪತ್ರಿಕೆ ಅದು. ಬೀದಿ ದೀಪ, ನಲ್ಲಿ ನೀರು, ಕಸದ ಗಾಡಿ, ನಾಯಿಕಾಟ, ಅದರಾಚೆಗೆ ಅದಕ್ಕೆ ಲೋಕವಿಲ್ಲ. ಬರೆಯುವವರಿಗೆ ಸಂಬಳವಿಲ್ಲ, ಓದುವವರಿಗೆ ಚಂದಾ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅತುಲ್ ಫೋಟೊ ತೆಗೆಯುತ್ತಾನೆ. ಮಗಳು ಮಲಗಿದ ಹೊತ್ತಿನಲ್ಲಿ ಟೈಪು ಮಾಡಿ ಪುಟ ಕಟ್ಟುವುದು ನನ್ನ ಪಾಲು. ಉಳಿದದ್ದೆಲ್ಲ ಸಾರ್.

ಅವರು ಭದ್ರಾವತಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ ಅಲ್ಲೇ ನಿವೃತ್ತರಾದವರು. ನೋಟಿಸು, ಜ್ಞಾಪನ, ಸುತ್ತೋಲೆಗಳ ಕರಡು ಬರೆದು ಪಳಗಿದ ಕೈ. ಮನೆಗೆ ಬಂದರೂ ಆ ಕನ್ನಡ ಅವರನ್ನು ಬಿಡಲಿಲ್ಲ. ನಾನು ‘ನಲ್ಲಿ ಕೆಟ್ಟಿದೆ’ ಎಂದು ಟೈಪು ಮಾಡಿದರೆ ಅವರ ಪೆನ್ನು ತಾಗಿ ಅದು ‘ಸಾರ್ವಜನಿಕ ಕೊಳಾಯಿಯು ದುಸ್ಥಿತಿಯಲ್ಲಿರುತ್ತದೆ’ ಆಗುತ್ತಿತ್ತು.

“ಸಾರಿಗೆ ಉಪ್ಪು ಕಮ್ಮಿ ಆದ್ರೂ ‘ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು’ ಅಂತಾರೆ ಮಾರಾಯ್ತಿ” ಎಂದು ಅವರ ಹೆಂಡತಿ ಶೀಲಾ ಆಂಟಿ ನಗುತ್ತಿದ್ದರು. “ಮದುವೆ ಆದ ಹೊಸದ್ರಲ್ಲಿ ನಂಗೆ ಬರೆದ ಕಾಗದಕ್ಕೂ ಮೇಲ್ಗಡೆ ‘ವಿಷಯ’ ಅಂತ ಹಾಕಿದ್ರು.”

ಸಾರ್ ನಗುತ್ತಿರಲಿಲ್ಲ. “ಆಫೀಸಿಗೆ ಆಫೀಸಿನ ಭಾಷೇಲೇ ಹೇಳ್ಬೇಕು. ಇಲ್ದಿದ್ರೆ ಅವ್ರ ಕಿವಿಗೆ ಹೋಗಲ್ಲ.”

ಪೇಪರು ಹಂಚುತ್ತಿದ್ದವರು ಸೊಪ್ಪಿನ ಹೂವಮ್ಮ. ಭದ್ರಾವತಿಯ ಜನ್ನಾಪುರದಿಂದ ಬೆಳಗಿನ ಬಸ್ಸಿಗೆ ಸೊಪ್ಪಿನ ಗಂಟು ಹಾಕಿಕೊಂಡು ಬಂದು, ನಮ್ಮ ಪಾರ್ಕಿನ ಮೂಲೆಯ ಫುಟ್‌ಪಾತಿನ ಮೇಲೆ ಕೂರುತ್ತಿದ್ದರು. ತಾವು ದುಡಿದ ಊರಿನವರೆಂಬ ಸಲಿಗೆಯಿಂದ ಸಾರ್ ಪೇಪರಿನ ಕಟ್ಟನ್ನು ಅವರ ಪಕ್ಕ ಇಟ್ಟು ಹೋಗುತ್ತಿದ್ದರು. ಹೂವಮ್ಮನಿಗೆ ಓದಲು ಬಾರದು. ಆದರೂ ಸೊಪ್ಪಿಗೆ ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. “ತಗಳಿ ಅಕ್ಕ, ಮೆಂತ್ಯದ ಜೊತೆ ಪೇಪರ್ ಫ್ರೀ. ಓದಿದ್ರೆ ಓದಿ, ಇಲ್ಲಾಂದ್ರೆ ಸೊಪ್ಪು ಸೋಸಕ್ಕೆ ಹಾಸ್ಕೊಳಿ.”

ಸಾರ್‌ಗೆ ಒಂದೇ ಆಸೆ. ದೊಡ್ಡ ಪೇಪರುಗಳಲ್ಲಿ ವರದಿ ಬಂದ ಮೇಲೆ ಕಚೇರಿಯವರು ಕೆಲಸ ಮಾಡಿಕೊಟ್ಟರೆ, ‘ವರದಿ ಫಲಶ್ರುತಿ’ ಎಂಬ ತಲೆಪಟ್ಟಿಯ ಕೆಳಗೆ ಮತ್ತೊಮ್ಮೆ ಸುದ್ದಿ ಹಾಕುತ್ತಾರೆ. ಆ ಪಟ್ಟಿಯನ್ನು ನಮ್ಮ ಪೇಪರಿನಲ್ಲಿ ಒಮ್ಮೆಯಾದರೂ ಹಾಕಬೇಕು. ಹಾಕುವ ಯೋಗ ಬಂದಿರಲಿಲ್ಲ. ‘ನಮ್ಮಲ್ಲಿ ಶ್ರುತಿ ಇದೆ ಸಾರ್, ಫಲ ಮಾತ್ರ ಇಲ್ಲ’ ಎಂದು ಅತುಲ್ ಕಿಚಾಯಿಸುತ್ತಿದ್ದ.

ಹೋದ ವರ್ಷ ಚರಂಡಿ ಕೆಲಸಕ್ಕೆಂದು ಕಂಟ್ರಾಕ್ಟರು ಪಾರ್ಕಿನ ಫುಟ್‌ಪಾತಿನ ಮೇಲೆ ಜಲ್ಲಿ ಸುರಿಸಿ ಹೋದರು. ಕೆಲಸ ಮುಗಿದರೂ ಜಲ್ಲಿ ಹೋಗಲಿಲ್ಲ. ಮಗಳ ತಳ್ಳುಗಾಡಿಯನ್ನು ನಾನು ರಸ್ತೆಗೆ ಇಳಿಸಿಯೇ ತಳ್ಳಬೇಕಿತ್ತು. ಒಂದು ದಿನ ಬೈಕೊಂದು ಗಾಡಿಯ ಚಕ್ರಕ್ಕೆ ತಾಗಿಕೊಂಡೇ ಹೋಯಿತು. ಮಗಳಿಗೆ ಏನೂ ಆಗಲಿಲ್ಲ. ನೇರ ಸಾರ್ ಮನೆಗೆ ಹೋದೆ. “ಆ ಜಲ್ಲಿ ಎತ್ಸಿ ಅಂತ ಈ ಸಲ ದೊಡ್ಡದಾಗಿ ಹಾಕಿ ಸಾರ್.”

“ಹಾಕಣಮ್ಮ. ಇದನ್ನ ನಾನೇ ಬರೀತೀನಿ.”

ಬರೆದರು. ತಲೆಬರಹ: ‘ಪಾರ್ಕ್ ಫುಟ್‌ಪಾತ್ ಕೂಡಲೇ ತೆರವುಗೊಳಿಸಲು ಸಾರ್ವಜನಿಕರ ಆಗ್ರಹ’. ಒಳಗೆ ಜಲ್ಲಿಯ ಮಾತು ಒಂದೇ ಕಡೆ ಬಂತು, ‘ಜಲ್ಲಿ ಇತ್ಯಾದಿ ಅಡೆತಡೆಗಳು’ ಎಂದು. ಎಂದಿನಂತೆ ಕಟ್ಟು ಹೂವಮ್ಮನ ಪಕ್ಕ ಹೋಯಿತು. ಅವರು ಎಂದಿನಂತೆ ಹಂಚಿದರು.

ಆ ವಾರವೇ ಅತುಲ್ ಫೋನು ಮಾಡಿದ. “ಸಾರ್, ಫಲಶ್ರುತಿ! ಪಾರ್ಕ್ ಹತ್ರ ಪಾಲಿಕೆ ಲಾರಿ ಬಂದಿದೆಯಂತೆ!” ಸಾರ್ ಬನಿಯನ್ನಿನ ಮೇಲೆ ಟವೆಲ್ಲು ಹೊದ್ದು ಓಡಿದರು. ಮಗಳನ್ನೆತ್ತಿಕೊಂಡು ನಾನೂ ಹೋದೆ. ಅಷ್ಟರಲ್ಲಿ ಲಾರಿ ಹೊರಟುಹೋಗಿತ್ತು. ಜಲ್ಲಿ ರಾಶಿ ಇದ್ದಲ್ಲೇ ಇತ್ತು. ಅದರಾಚೆ, ಹೂವಮ್ಮ ಕೂರುತ್ತಿದ್ದ ಜಾಗದಲ್ಲಿ, ತುಳಿದ ಹರಿವೆ ಸೊಪ್ಪು ಬಿದ್ದಿತ್ತು. ಬುಟ್ಟಿ, ಕೊಡೆ, ಮಣೆ ಎಲ್ಲವನ್ನೂ ಲಾರಿಗೆ ಹಾಕಿಕೊಂಡು ಹೋದರು, ಹೂವಮ್ಮ ಅಳುತ್ತ ಬಸ್ ಸ್ಟಾಪಿನ ಕಡೆ ನಡೆದರು ಎಂದು ಎದುರುಮನೆಯವರು ಹೇಳಿದರು.

ಸಾರ್ ಸ್ನಾನವನ್ನೂ ಮಾಡದೆ ಪಾಲಿಕೆ ಕಚೇರಿಗೆ ಹೋದರು. ಮಾತಿಗೆ ಸಾಕ್ಷಿ ಇರಲಿ ಎಂದು ನನ್ನನ್ನೂ ಕರೆದರು. ಅಲ್ಲಿನ ಇಂಜಿನಿಯರ್ ಒರಟ ಮನುಷ್ಯನಲ್ಲ. ಕೂರಿಸಿ, ಕಾಫಿ ತರಿಸಿ, ನಮ್ಮ ಪೇಪರನ್ನೇ ಮುಂದಿಟ್ಟರು.

“ತೆರವುಗೊಳಿಸಿ ಅಂತ ನೀವೇ ಬರ್ದಿದ್ದೀರಲ್ಲ ಸಾರ್?”

“ನಾನು ಬರ್ದಿದ್ದು ಜಲ್ಲಿಗೆ.”

“ಜಲ್ಲಿ ಕಾಮಗಾರಿ ಸಾಮಗ್ರಿ. ಅದನ್ನ ಕಂಟ್ರಾಕ್ಟರ್ ಎತ್ಬೇಕು, ನಾವು ಮುಟ್ಟಂಗಿಲ್ಲ. ‘ಇತ್ಯಾದಿ’ ಅಂತ ಇತ್ತಲ್ಲ, ಅದನ್ನ ಮಾಡಿದ್ವಿ.”

ಸಾರ್ ಕಾಫಿ ಮುಟ್ಟಲಿಲ್ಲ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ನಿಂತರು. “ಗುಡಿಸಲು ಕೀಳ್ಸೋ ನೋಟಿಸಿಗೆ ನಾವು ಹಾಕ್ತಿದ್ದಿದ್ದು ಇದೇ ಪದ ಕಣಮ್ಮ. ತೆರವುಗೊಳಿಸತಕ್ಕದ್ದು. ಎಷ್ಟು ಕರಡು ಬರ್ದಿದ್ದೀನಿ ಇದೇ ಕೈಲಿ. ಆ ಪದ ಹೋದ್ಕಡೆ ಏನಾಗುತ್ತೆ ಅಂತ ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?”

ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿದರು. ಯಾರೂ ಅದರ ಮಾತೆತ್ತಲಿಲ್ಲ. ಮತ್ತೆ ಮತ್ತೆ ಕಚೇರಿಗೆ ಹೋಗಿ ಕೊನೆಗೆ, ಪಾರ್ಕಿನ ಹಿಂದಿನ ಗಲ್ಲಿಯಲ್ಲಿ ಹೂವಮ್ಮ ಕೂತರೆ ತಕರಾರಿಲ್ಲ ಎಂಬ ಬಾಯಿಮಾತು ಪಡೆದರು. ಮಾರನೆಯ ದಿನವೇ ಜನ್ನಾಪುರಕ್ಕೆ ಹೊರಟರು. ನಾನೂ ಮಗಳೂ ಜೊತೆಗೆ ಹೋದೆವು. ಹೆಣ್ಣುಮಗಳೊಬ್ಬಳು ಇದ್ದರೆ ಹೂವಮ್ಮ ಬಿಚ್ಚಿ ಮಾತಾಡಿಯಾರು ಎಂದು ಅವರ ಲೆಕ್ಕ.

ಕೇಳಿಕೊಂಡು ಹೋದಾಗ ಹೂವಮ್ಮ ಕಲ್ಯಾಣ ಮಂಟಪವೊಂದರ ಹಿಂಬದಿಯಲ್ಲಿ ಪಾತ್ರೆ ಉಜ್ಜುತ್ತಿದ್ದರು. ನಮ್ಮನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡು ಎದ್ದರು, ಮಗಳ ಗಲ್ಲ ಮುಟ್ಟಿದರು. “ಅಯ್ಯೋ, ಎಷ್ಟುದ್ದ ಆಗಿದಾಳೆ!”

ಸಾರ್ ನಿಂತೇ ಹೇಳಿದರು. “ತಪ್ಪು ನಂದು ಹೂವಮ್ಮ. ಜಾಗ ಮಾತಾಡಿದ್ದೀನಿ. ನಾಳೆಯಿಂದ ಬನ್ನಿ.”

“ಬೇಡ ಸಾರ್.”

“ಬುಟ್ಟಿ, ಕೊಡೆ ಎಲ್ಲ ನಾನು...”

“ಬುಟ್ಟಿ ಸಿಗುತ್ತೆ ಬಿಡಿ. ಅದಲ್ಲ.” ಅವರು ಪಾತ್ರೆಗಳ ಕಡೆ ನೋಡುತ್ತ ನಿಂತರು. “ಅವತ್ತು ಲಾರಿಯವ್ರ ಕಾಲಿಗ್ ಬಿದ್ದೆ. ‘ಪೇಪರ್ನಲ್ಲಿ ಬಂದಿದೆ ಕಣಮ್ಮ, ನಾವೇನ್ ಮಾಡಣ’ ಅಂದ್ರು. ಯಾವ್ ಪೇಪರ್ ಸ್ವಾಮಿ ಅಂತ ಕೇಳಿದ್ರೆ, ನನ್ ಪಕ್ದಲ್ಲಿದ್ ಕಟ್ಟಿಂದ್ಲೇ ಒಂದು ಎಳ್ದು ತೋರಿಸಿದ್ರು. ಬಂದೋರಿಗೆಲ್ಲ ನಾನೇ ಕೊಟ್ಟಿದ್ದೆನಲ್ಲ ಸಾರ್. ತಗಂಡೋರು ಒಬ್ರಾದ್ರೂ ನಂಗೆ ಹೇಳ್ಲಿಲ್ಲ.”

“ಅದ್ರಲ್ಲಿ ನಿಮ್ಮ ಹೆಸರು ಇರ್ಲಿಲ್ಲ...”

“ಇದ್ದಿದ್ರೆ ಯಾರಾದ್ರೂ ಹೇಳ್ತಿದ್ರೇನೋ.”

ಒಳಗಿನಿಂದ ಯಾರೋ ಕೂಗಿದರು. ಹೂವಮ್ಮ ಮಗಳ ಕೈಗೆ ಒಂದು ಬಾಳೆಹಣ್ಣು ಕೊಟ್ಟು, “ಬಿಸ್ಲು ಜಾಸ್ತಿ, ಮಗೂನ ಕರ್ಕೊಂಡ್ ಹೊರಡಿ” ಎಂದು ಒಳಗೆ ಹೋದರು. ಸಾರ್ ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡಿದರು.

ಪೇಪರು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಆದರೆ ಈಗ ಬರೆಯುವುದು ನಾನು, ಅವರು ತಿದ್ದುವುದೂ ಇಲ್ಲ. ನಲ್ಲಿ ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಅಚ್ಚಾಗುತ್ತದೆ. ಕೊನೆಗೊಂದು ದಿನ ಕಂಟ್ರಾಕ್ಟರು ಜಲ್ಲಿಯನ್ನೂ ಸಾಗಿಸಿದರು. ‘ಫಲಶ್ರುತಿ’ ಪಟ್ಟಿ ಹಾಕಲೇ ಎಂದು ಅತುಲ್ ಮೆಲ್ಲಗೆ ಕೇಳಿದಾಗ ಸಾರ್ ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು.

ಹಂಚುವುದನ್ನು ಅವರು ಬೇರೆ ಯಾರಿಗೂ ಬಿಡುವುದಿಲ್ಲ. ಪೇಪರು ಬಂದ ಬೆಳಿಗ್ಗೆ ಕಟ್ಟು ಹಿಡಿದು ಪಾರ್ಕಿನ ಆ ಮೂಲೆಯಲ್ಲಿ ತಾವೇ ನಿಲ್ಲುತ್ತಾರೆ. ಚೀಲ ಹಿಡಿದು ಬಂದವರು ಈಗಲೂ ಕೇಳುತ್ತಾರೆ. ಇವತ್ತು ನಾನು ಹೋದಾಗ ಹಿಂದಿನ ಬೀದಿಯ ಸರಸ್ವತಮ್ಮ ಕೇಳುತ್ತಿದ್ದರು.

“ಸೊಪ್ಪಿನೋಳು ಯಾವಾಗ್ ಬರ್ತಾಳಂತೆ?”

“ಬರಲ್ಲಮ್ಮ.”

“ಯಾಕಂತೆ?”

“ನಾನು ಓಡಿಸ್ದೆ.”

“ನೀವಾ? ಅಯ್ಯೋ, ತಮಾಷೆ ಮಾಡ್ತೀರಪ್ಪ” ಎಂದು ನಕ್ಕು, ಅವರು ಪೇಪರನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಸೊಪ್ಪು ತರಲು ಗಾಂಧಿ ಬಜಾರಿನ ಆಟೊ ಹತ್ತಿದರು.