ಗೇಣುದ್ದ ಎತ್ತರದ ಮೋಟಾರು

ನನ್ನ ಮೈದುನನ ಮಗ ರುದ್ರಪ್ಪ ಹೋದ ತಿಂಗಳು ತನ್ನ ಮೋಟಾರನ್ನು ಗೇಣುದ್ದ ಎತ್ತರ ಮಾಡಿಸಿದ. (ಮೋಟಾರು ಎಂದರೆ ಯಾರೋ ಸಾಹೇಬರು ಓಡಿಸಿ ಬಿಟ್ಟದ್ದು. ಹಿಂದಿನ ಸೀಟು ಕಿತ್ತು, ಹಲಗೆ ಹೊಡೆದು, ಹತ್ತಿ ತುಂಬಿದ ಅಂಡಿಗೆ ಚೀಲ ಹೇರುವಂತೆ ಮಾಡಿಕೊಂಡಿದ್ದಾನೆ.)

ಎರೆ ಮಣ್ಣಿನ ಹಾದಿಯಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತದಂತೆ. ಅಂಡಿಗೆ ಹೇರಿದರೆ ಹಿಂಬದಿ ಕುಸಿದು, ಮೂತಿ ಆಕಾಶ ನೋಡುತ್ತದಂತೆ. ಕಷ್ಟ ನಿಜವೇ. ಆದರೆ ಔಷಧ?

ಕಂಬಾರ ಮೌನೇಶಿ ಹಿಂದಿನ ಕಮಾನನ್ನು (ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದಿರುತ್ತಾರಲ್ಲ, ಅದು) ತಟ್ಟಿ ನೋಡಿದ.

"ಸಾವ್ಕಾರ್ರ, ಇದರಾಗ ಏನ್ ಹೇರತೀರಿ, ಅದನ್ನ ಮೊದಲ ಹೇಳ್ರಿ. ಇನ್ನೊಂದ ಪಟ್ಟಿ ಹಾಕಿದ್ರ ಸಾಕು."

"ಒಂದ್ಯಾಕೋ? ನಾಕು ಹಾಕು!"

"ನಾಕು ಹಾಕಿದ್ರ ಕಮಾನು ಬಾಗೂದಿಲ್ರಿ. ಖಾಲಿ ಇದ್ದಾಗ ಕುಂತವರನ್ನ ಎತ್ತಿ ಒಗಿತೈತಿ."

"ಖಾಲಿ ಓಡಸಾಕ ನನಗೇನ್ ಹುಚ್ಚ ಹಿಡದೈತೇನು?"

ನಾನು ಕಟ್ಟೆಯ ಮೇಲಿಂದ, "ರುದ್ರಾ, ಗೌರಿನ್ನ ಇದರಾಗ ಕರಕೊಂಡ ಬರಾಂವ ಅಲ್ಲೇನಪಾ?" ಎಂದೆ. ಗೌರಿ ಅವನ ತಂಗಿ, ರಾಮದುರ್ಗದ ಸೊಸೆ. ಚೊಚ್ಚಲ ಬಸುರಿ. ಏಳು ತುಂಬಿದೆ, ಹೆರಿಗೆಗೆ ತವರಿಗೆ ಬರಬೇಕು.

"ದೊಡ್ಡವ್ವ, ಇದು ಗಂಡಸರ ಕೆಲಸ. ನಿಮ್ಮ ಕಾನ್ವೆಂಟಿನ್ಯಾಗ ಕಮಾನು ಕಲಿಸಿದ್ರೇನು?"

ಇಲ್ಲಪ್ಪ. ನಮ್ಮ ಸಿಸ್ಟರ್ ಕಲಿಸಿದ್ದು ಕಸೂತಿ ಮತ್ತು ಪೇಶನ್ಸ್. ಈ ಮನೆಯಲ್ಲಿ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ನಾಲ್ಕೂ ಪಟ್ಟಿ ಬಿದ್ದವು. ಅಂಡಿಗೆ ಹೇರಿದಾಗ ಗಾಡಿ ಕಣದ ಹಾಗೆ ಲೆವೆಲ್! ಇಳಿಸಿದಾಗ? ಗುದ್ದಲು ನಿಂತ ಟಗರು. ಖಾಲಿ ಗಾಡಿಯಲ್ಲಿ ಮುರಗೋಡದವರೆಗೆ ಹೋಗಿಬಂದ ರುದ್ರಪ್ಪ ಎರಡು ದಿನ ಗಾದಿಯ ಮೇಲೂ ನೆಟ್ಟಗೆ ಕೂರಲಿಲ್ಲ.

ಅವನ ಗತಿಯೇ ಹೀಗಾದರೆ ಬಸುರಿಯದು? ಎತ್ತಿನ ಗಾಡಿಯಾದರೆ ಎರಡು ದಿನದ ಹಾದಿ. ಪಟ್ಟಿ ಬಿಚ್ಚಿಸೋಣವೆಂದರೆ ಮೌನೇಶಿ ಯಾರದೋ ಮದುವೆಗೆ ಊರು ಬಿಟ್ಟಿದ್ದ.

"ಲೋಡ್ ಇದ್ರ ಮೆತ್ತಗ ಹೊಕ್ಕೈತಿ, ದೊಡ್ಡವ್ವ" ಎಂದು ರುದ್ರಪ್ಪ ಐದು ಚೀಲ ಜೋಳ ಹೇರಿದ. ಮಾರಲಿಕ್ಕಲ್ಲ, ಬ್ಯಾಲೆನ್ಸಿಗೆ! ಜೊತೆಗೆ ನಾನೂ ಹೊರಟೆ. ನಿಜ ಹೇಳಬೇಕು, ರಾಮದುರ್ಗದವರೆಗೆ ತೊಟ್ಟಿಲಲ್ಲಿ ತೂಗಿದಂತಿತ್ತು.

ಬಾಗಿಲಲ್ಲೇ ಗೌರಿಯ ಅತ್ತೆ ನಿಂತಿದ್ದರು. ಚೀಲ ಕಂಡದ್ದೇ ಮುಖ ಅರಳಿತು. "ಅಯ್ಯ ಬೀಗರ, ಇಷ್ಟ್ಯಾಕ ತರಾಕ ಹೋದ್ರಿ!"

ನಮ್ಮ ಕಡೆ ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ನಾವು ಕೈಕಾಲು ತೊಳೆದು ಚಹಾ ಮುಗಿಸುವಷ್ಟರಲ್ಲಿ ಐದೂ ಚೀಲ ಅವರ ಪಡಸಾಲೆ ಸೇರಿದ್ದವು. ಈಗ ನೀವೇ ಹೇಳಿ, "ಅದು ನಿಮಗಲ್ರಿ, ಕಮಾನಿಗೆ" ಎನ್ನುವುದು ಹೇಗೆ?

ಹೊರಗೆ ಟಗರು ಮತ್ತೆ ಬೆನ್ನೆತ್ತಿ ನಿಂತಿತ್ತು. ರುದ್ರಪ್ಪ ನನ್ನ ಕಿವಿಯ ಹತ್ತಿರ ಬಂದ. "ದೊಡ್ಡವ್ವ, ಏನ್ ಮಾಡೂನು?" (ನನ್ನನ್ನು ಅವನು ಏನಾದರೂ ಕೇಳಿದ್ದು ಅದೇ ಮೊದಲು.)

ಗೌರಿಗೆ ಉಡಿ ತುಂಬಲು ಬಂದಿದ್ದ ಹೆಂಗಸರ ಮೇಲೆ ಕಣ್ಣಾಡಿಸಿದೆ. ದೇವರ ದಯೆ, ಎಲ್ಲರೂ ಉಂಡು ಬೆಳೆದ ಜೀವ.

"ಬಸುರಿ ಹುಡುಗಿನ್ನ ಒಬ್ಬಾಕಿನ್ನ ಹ್ಯಾಂಗ ಕಳಸ್ತೀರಿ? ನೀವೆಲ್ಲಾರೂ ನಡೀರಿ. ನಾಕ ದಿನ ಇದ್ದ ಬರೀರಂತ" ಎಂದೆ.

"ಅಷ್ಟ ಮಂದಿನ್ನ ತಡೀತೈತೇನ್ರಿ ನಿಮ್ಮ ಗಾಡಿ?" ಎಂದರು ಅತ್ತೆ.

"ತಡಿಯೂದೇನ್ರಿ, ದಾರಿ ಕಾಯಾಕ ಹತ್ತೈತಿ!"

ಏಣಿ ಹಚ್ಚಿ ಏಳು ಮಂದಿ ಬೀಗಿತ್ತಿಯರು ಹತ್ತಿದರು. ಕಮಾನು ಕುಂಯ್ಯೆಂದು ಬಾಗಿತು. ಅವರ ನಡುವೆ ಕೌದಿಯ ಮೇಲೆ ಒರಗಿದ ಗೌರಿ, ಮುರಗೋಡ ದಾಟುವಾಗ ಬಾಯಿ ತೆರೆದು ನಿದ್ದೆಹೋಗಿದ್ದಳು. ನಾನು ಚೊಚ್ಚಲ ಹೆರಿಗೆಗೆ ತವರಿಗೆ ಹೋದ ಹಾದಿ ನೆನಪಾಯಿತು. ಆಗ ನಮಗೆ ಕಮಾನೂ ಇರಲಿಲ್ಲ, ನೋವೇ ಎಂದು ಕೇಳುವವರೂ ಇರಲಿಲ್ಲ.

ಬೀಗಿತ್ತಿಯರು ಇನ್ನೂ ನಮ್ಮಲ್ಲೇ ಇದ್ದಾರೆ. ದಿನಾ ಹೋಳಿಗೆ ಊಟ ನಡೆದಿದೆ. ಮದುವೆ ಮುಗಿಸಿ ಬಂದ ಮೌನೇಶಿ ಅಂಗಳದಲ್ಲಿ ಮೂರು ಪಟ್ಟಿ ಬಿಚ್ಚುತ್ತಿದ್ದಾನೆ. ಪಕ್ಕದಲ್ಲಿ ರುದ್ರಪ್ಪ, ಇದೆಲ್ಲ ತನ್ನದೇ ಐಡಿಯಾ ಎಂಬಂತೆ ಕೈಕಟ್ಟಿ ನಿಂತಿದ್ದಾನೆ.

ಗಾಡಿಯ ತೂಕಕ್ಕೆ ಬೇಕಾಗುವ ಹೆಂಗಸರು, ಗಾಡಿಯ ಮಾತಿಗೆ ಯಾಕೆ ಬೇಡವೋ?