ಸುಮಾಳಿಗೆ ನಾನು ಕೊಟ್ಟ ಮಾತ್ರೆ

ಪ್ರಭಾಕರ್, ಸುಮಾಳಿಗೆ ಆ ಮಾತ್ರೆಗಳನ್ನು ಕೊಟ್ಟವಳು ನಾನು. ಒಂದು ಸಲವಲ್ಲ, ಎಷ್ಟೋ ಸಲ. ಚೀಟಿಯಿಲ್ಲದೆ, ಪರೀಕ್ಷೆಯಿಲ್ಲದೆ, ನಿಮಗೆ ಗೊತ್ತಾಗದ ಹಾಗೆ — ನನ್ನ ಸ್ವಂತ ತಂಗಿಗೆ, ನಿಮ್ಮ ಹೆಂಡತಿಗೆ.

ಭದ್ರಾವತಿಯ ನಿಮ್ಮ ಮೆಡಿಕಲ್ ಶಾಪಿನಲ್ಲಿ ಡಾಕ್ಟರ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಸಿಗುತ್ತಿರಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅದೇ ಕಸುಬಿನವಳಾದ ನಾನು ಬೆನ್ನ ಹಿಂದೆ ನಗುತ್ತಿದ್ದೆ — ಸತ್ಯ ಹರಿಶ್ಚಂದ್ರನ ಮೊಮ್ಮಗ ಅಂತ. ನೀವು ಬಿಡಲಿಲ್ಲ. ಎರಡೂ ಊರಿನ ಔಷಧಿ ಅಂಗಡಿಯವರನ್ನು, ಡಾಕ್ಟರುಗಳನ್ನು, ದನದ ಡಾಕ್ಟರುಗಳನ್ನೂ ತಿಂಗಳಿಗೊಮ್ಮೆ ಸಭೆ ಸೇರಿಸಿ ಒಪ್ಪಿಸಿದಿರಿ: ಒಂದು ಅಂಗಡಿ ಇಲ್ಲ ಅಂದರೆ ಇನ್ನೊಂದೂ ಇಲ್ಲ ಅನ್ನಬೇಕು, ಭದ್ರಾವತಿಯಲ್ಲಿ ಸಿಗದ್ದು ಶಿವಮೊಗ್ಗದಲ್ಲೂ ಸಿಗಬಾರದು. ಮೊದಲು ಕೈಯೆತ್ತಿದವಳು ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಅದಾದ ಮೇಲೇ ಸುಮಾ ನನ್ನ ಅಂಗಡಿಗೆ ಬರತೊಡಗಿದ್ದು. ಅವಳಿಗೆ ಮತ್ತೆ ಮತ್ತೆ ಉರಿಮೂತ್ರ. ಪರೀಕ್ಷೆ ಮಾಡಿಸು, ಡಾಕ್ಟರಿಗೆ ತೋರಿಸು ಅಂತ ನೀವು. ಅವಳಿಗೆ ಸಂಕೋಚ, ಅಸಡ್ಡೆ, ನಿಮ್ಮ ಮೇಲೆ ಸಿಟ್ಟು ಬೇರೆ. "ಅಕ್ಕಾ, ನಾಲ್ಕು ಮಾತ್ರೆ ಕೊಡು ಮಾರಾಯ್ತಿ. ಅವರಿಗೊಂದು ಹೇಳ್ಬೇಡ, ಮನೇಲೂ ಭಾಷಣ ಬಿಗೀತಾರೆ." ನಾನು ನಕ್ಕೆ. ಕೊಟ್ಟೆ. ಉರಿ ಇಳಿದ ಕೂಡಲೇ ಅವಳು ಮಾತ್ರೆ ನಿಲ್ಲಿಸುತ್ತಿದ್ದಳು — ಅದೂ ನನಗೆ ಗೊತ್ತಿತ್ತು. ಅರೆಬರೆ ನುಂಗಿದರೆ ರೋಗಾಣು ಸಾಯುವುದಿಲ್ಲ, ಮದ್ದನ್ನೇ ಅರಗಿಸಿಕೊಳ್ಳುವುದನ್ನು ಕಲಿಯುತ್ತದೆ ಅಂತ ಸಭೆಯಲ್ಲಿ ಮಾತಾಡಿದವಳೂ ನಾನೇ ಅಲ್ಲವೇ? ಆದರೆ ತಂಗಿ ಎದುರಿಗೆ ನಿಂತು ಮುಖ ಕಿವುಚಿದರೆ... ಬಿಡಿ.

ಆಸ್ಪತ್ರೆಯ ಆ ಮಧ್ಯಾಹ್ನ ನಿಮಗೆ ಮರೆತಿರಲಾರದು. ಜ್ವರಕ್ಕೆ ಗಡಗಡ ನಡುಗುತ್ತಿದ್ದಳು. ಸೋಂಕು ಕಿಡ್ನಿಗೆ ಏರಿದೆ ಅಂದ ಡಾಕ್ಟರು ಕೇಳಿದರು: "ಇತ್ತೀಚೆಗೆ ಯಾವುದಾದ್ರೂ ಆ್ಯಂಟಿಬಯೋಟಿಕ್ ತಗೊಂಡಿದ್ರಾ?"

"ಇಲ್ಲ ಸರ್," ಅಂದಿರಿ ನೀವು. "ನಮ್ಮನೇಲಿ ಚೀಟಿ ಇಲ್ದೆ ಒಂದು ಮಾತ್ರೇನೂ ಬರಲ್ಲ."

ಎಷ್ಟು ನಂಬಿಕೆಯಿತ್ತು ಆ ದನಿಯಲ್ಲಿ. ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆದೆ ಕೂಡ — ನಿಮ್ಮ ಮುಖ ನೋಡಿ ಮುಚ್ಚಿಕೊಂಡೆ. ಅವರು ಶುರು ಮಾಡಿದ್ದು ನಾನು ಕೊಡುತ್ತಿದ್ದ ಅದೇ ಮದ್ದು, ಅವಳ ಮೈಯಲ್ಲಿ ಆಗಲೇ ಕೆಲಸಕ್ಕೆ ಬಾರದಂತಾಗಿದ್ದ ಮದ್ದು. ಲ್ಯಾಬಿನಿಂದ ರಿಪೋರ್ಟ್ ಬಂದು ಅದನ್ನು ಬದಲಾಯಿಸುವಷ್ಟರಲ್ಲಿ ರಕ್ತಕ್ಕೆ ನಂಜೇರಿತ್ತು. ನಾನು ಹೇಳಿದ್ದರೆ ಉಳಿಯುತ್ತಿದ್ದಳೇ? ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ವೈಕುಂಠ ಸಮಾರಾಧನೆಯ ದಿನ ಎಲೆ ಮುಂದೆ ಕೂತು ನೀವು ಅಂದಿರಿ, "ಅತ್ತಿಗೆ, ನಾನೇ ಕೊಂದೆ ಅವಳನ್ನ. ಮೊದಲೇ ನಾಲ್ಕು ಮಾತ್ರೆ ಕೊಟ್ಟಿದ್ರೆ ಉಳೀತಿದ್ಲು." ನಾನು ನಿಮ್ಮ ಎಲೆಗೆ ಪಾಯಸ ಬಡಿಸಿದೆ.

ಅಂದಿನಿಂದ ನೀವು ಸಭೆಗೆ ಬಂದಿಲ್ಲ. ವರ್ಷಗಳೇ ಆದವು. ನೀವಿಲ್ಲದೆ ಅಲ್ಲಿ ಬರುವವರೂ ಕಡಿಮೆಯಾದರು. ಎರಡೂ ಊರಿನ ಅಂಗಡಿಗಳು ಮತ್ತೆ ತಮ್ಮ ತಮ್ಮ ಪಾಡಿಗೆ ಕೊಡತೊಡಗಿದವು. ಮೊನ್ನೆ ನಿಮ್ಮ ಅಂಗಡಿಗೆ ಬಂದಿದ್ದೆನಲ್ಲ, ಆಗ ಮಗುವನ್ನೆತ್ತಿಕೊಂಡು ಬಂದ ಹೆಂಗಸೊಬ್ಬಳು ಬರೀ ನೆಗಡಿ ಅಂದಳು. ನೀವು ಚೀಟಿ ಕೇಳಲಿಲ್ಲ. ಆ್ಯಂಟಿಬಯೋಟಿಕ್ ಸಿರಪ್ ಎತ್ತಿ ಕೊಟ್ಟು, "ತಗೊಳ್ಳಮ್ಮ. ಇಲ್ಲ ಅಂದು ನಾನು ಸಾಧಿಸಿದ್ದೇನು?" ಅಂದಿರಿ. ನಾನು ತಡೆಯಬೇಕಿತ್ತು — ಯಾವ ಮುಖ ಇಟ್ಟುಕೊಂಡು ತಡೆಯಲಿ? ಅವಳು ಸೀಸೆ ತಗೊಂಡು ಹೋಗಿಬಿಟ್ಟಳು.

ಕ್ಷಮಿಸಿ ಅನ್ನುವುದಿಲ್ಲ, ಆ ಯೋಗ್ಯತೆ ನನಗಿಲ್ಲ. ಮುಂದಿನ ಸಭೆಯಲ್ಲಿ ಎಲ್ಲರೆದುರು ಇದನ್ನೇ ಹೇಳುತ್ತೇನೆ, ನೀವು ಬಂದರೂ, ಬರದಿದ್ದರೂ. ನೀವು ಅವಳನ್ನು ಕೊಲ್ಲಲಿಲ್ಲ, ಪ್ರಭಾಕರ್. ನೀವು ಇಲ್ಲ ಅಂದದ್ದೇ ಸರಿಯಾಗಿತ್ತು. ಅವತ್ತು ಡಾಕ್ಟರು ಕೇಳಿದ್ದಕ್ಕೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ — ಹೌದು ಡಾಕ್ಟ್ರೇ, ತಗೊಂಡಿದ್ದಾಳೆ. ನಾನೇ ಕೊಟ್ಟಿದ್ದು.