ಮೂರನೆಯ ಮುಳುಗು

ನನ್ನ ಗಂಡನ ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು. ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ ನಮ್ಮ ಹಡಗು ಒಂದು ಹಗಲಿನ ಮಟ್ಟಿಗೆ ನಿಂತಿತ್ತು. ಅಲ್ಲಿ ನದಿಯೊಂದು ಸಮುದ್ರ ಸೇರುವ ಜಾಗದಲ್ಲಿ ಅವರು ಮುಳುಗಿದರು. ಜೊತೆಗಿದ್ದವಳು ನಾನೊಬ್ಬಳೇ. ಅವರ ಬಲಗೈ ನನ್ನ ಎಡಗೈಯಲ್ಲಿತ್ತು. ಆ ಕೈಯ ಬಗ್ಗೆ ನಾನು ಮನೆಯಲ್ಲಿ ಹೇಳಿದ್ದು ಒಂದು, ನಡೆದದ್ದು ಇನ್ನೊಂದು.

ನಮ್ಮ ಮೈಸೂರಿನ ಕಡೆ ಅವರನ್ನು ಅತ್ತಿಗೆ ಎನ್ನಬೇಕು. ಆದರೆ ಗಂಡ ಕರೆದಂತೆ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಧಾರವಾಡದಿಂದ ಬಂದು ಮೂವತ್ತು ವರ್ಷ ಲಂಡನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವರು, ಮದುವೆ ಮಾಡಿಕೊಂಡಿರಲಿಲ್ಲ. ಅಕ್ಸ್‌ಬ್ರಿಡ್ಜ್‌ನಲ್ಲಿ ಒಂದು ಫ್ಲ್ಯಾಟು, ಅದರ ಕಿಟಕಿಯಲ್ಲಿ ಕರಿಬೇವಿನ ಗಿಡ. ನಿವೃತ್ತಿಯಾದ ವಾರವೇ ನಮ್ಮ ಹೌನ್ಸ್ಲೋ ಮನೆಗೆ ಬಂದು, "ಹಡಗಿನಾಗ ಕಡೀ ಗಳಿಗಿ ಟಿಕೀಟು ಸೋವಿ ಸಿಕ್ಕಾವ. ಕಿಟಕಿ ಇಲ್ಲದ ಖೋಲಿ. ಸಮುದ್ರ ನೋಡಾಕ ಮ್ಯಾಲ ಹೋದರಾತು, ಮಲಗಾಕ ಕಿಟಕಿ ಯಾಕ ಬೇಕು?" ಎಂದರು. ತಮ್ಮನಿಗೆ ರಜೆ ಸಿಗಲಿಲ್ಲ. "ನೀ ಬಾರವಾ. ಇವನ ಮಾರಿ ದಿನಾ ನೋಡ್ತೀಯಲ್ಲ, ಹತ್ತು ದಿನ ನನ್ನ ಮಾರಿ ನೋಡು" ಎಂದು ನನ್ನನ್ನು ಹೊರಡಿಸಿದರು.

ಕಡಿಮೆ ಖರ್ಚಿನಲ್ಲಿ ಹೆಚ್ಚು ಸುಖಪಡುವುದು ಅವರಿಗೆ ಒಂದು ಆಟವಾಗಿತ್ತು. ಜಿಪುಣತನವಲ್ಲ, ಹಬ್ಬಕ್ಕೆ ಬಂದರೆ ನಮ್ಮ ಮಗಳ ಕೈಗೆ ಅವರು ತುರುಕುತ್ತಿದ್ದ ನೋಟು ನೋಡಿ ನಾನೇ ಬೈಯುತ್ತಿದ್ದೆ. ಆದರೆ ಯಾರೋ ಮಾಡಿಟ್ಟ ಪ್ರವಾಸಕ್ಕೆ ದುಡ್ಡು ಕೊಡುವುದೆಂದರೆ ಅವರಿಗೆ ಸೋತಂತೆ. ಪ್ರತಿ ಬಂದರಿಗೂ ಒಂದೊಂದು ಹಾಳೆ ತಯಾರು ಮಾಡಿದ್ದರು: ಊರಿನ ಜನ ಹತ್ತುವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವ ಬೀಚಿನಲ್ಲಿ ಕುರ್ಚಿ ಬಾಡಿಗೆಗೆ ಪೀಡಿಸುವುದಿಲ್ಲ, ಶೌಚಾಲಯ ಎಲ್ಲಿ, ಹಡಗಿಗೆ ಎಷ್ಟು ಗಂಟೆಗೆ ವಾಪಸು. ಆ ದ್ವೀಪದ ನಕ್ಷೆಯಲ್ಲಿ ಬೀಚಿನ ತುದಿಗೆ ಒಂದು ನೀಲಿ ಗೆರೆ ಬಂದು ಸಮುದ್ರ ಸೇರುತ್ತಿತ್ತು. ಅದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಹೊರಡುವ ಮೊದಲೇ ನನಗೆ ತೋರಿಸಿದ್ದರು.

"ಇಲ್ನೋಡು, ಸಂಗಮ! ರೊಕ್ಕ ಕೊಡಲಾರದ ತೀರ್ಥ."

ಸಂಗಮವೆಂದರೆ ಅವರಿಗೆ ಮೊದಲಿಂದಲೂ ಹಾಗೆ. ಬ್ರೆಂಟ್‌ಫರ್ಡ್‌ನಲ್ಲಿ ಸಣ್ಣ ಹೊಳೆಯೊಂದು ಥೇಮ್ಸ್ ಸೇರುವ ಕಡೆ ವಾಕಿಂಗ್ ಹೋದಾಗಲೂ ಬಗ್ಗಿ ಎರಡು ಬೆರಳು ಅದ್ದಿ ತಲೆಗೆ ಚಿಮುಕಿಸಿಕೊಳ್ಳುತ್ತಿದ್ದರು. "ಗಲೀಜು ನೀರು ಅಕ್ಕ" ಎಂದರೆ, "ಎರಡು ನೀರು ಕೂಡಿದ ಮ್ಯಾಲ ಗಲೀಜು ಯಾವುದು, ತೀರ್ಥ ಯಾವುದು, ಲ್ಯಾಬಿನವಳು ನಾನು, ನನಗ ಹೇಳ್ತಿಯೇನ?" ಎನ್ನುತ್ತಿದ್ದರು.

ಆ ಬೆಳಿಗ್ಗೆ ಒಂಬತ್ತಕ್ಕೆ ಹಡಗಿನಿಂದ ಇಳಿದೆವು. ಬಂದರಿನ ಗೇಟಿನಲ್ಲಿ ಟ್ಯಾಕ್ಸಿಯವರು ಮುತ್ತಿಕೊಂಡರು. ಅಕ್ಕ ಎಲ್ಲರಿಗೂ ನಮಸ್ಕಾರ ಹಾಕುತ್ತಾ, ಮದುವೆಮನೆಯಲ್ಲಿ ನೆಂಟರ ನಡುವೆ ಹಾದು ಹೋದಂತೆ ಹಾದು ಹೋದರು. ಹತ್ತು ನಿಮಿಷ ನಡೆದರೆ ಮಾರುಕಟ್ಟೆ, ಅದರ ಹಿಂದೆ ಮಿನಿಬಸ್ಸುಗಳು. ಹತ್ತಿದ ಪ್ರತಿಯೊಬ್ಬರೂ ಇಡೀ ಬಸ್ಸಿಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು, ಬಸ್ಸೂ ತಿರುಗಿ ಹೇಳುತ್ತಿತ್ತು. ಅಕ್ಕನಿಗೆ ಅದು ಹಬ್ಬ. ಕೂತಿದ್ದವರು ಎದ್ದು ನಿಂತು ಇನ್ನೊಮ್ಮೆ ಹೇಳಿದರು. ನನ್ನ ಕಿವಿಯಲ್ಲಿ, "ನಮ್ಮ ಹೌನ್ಸ್ಲೋ ಬಸ್ಸಿನಾಗ ಹಿಂಗ ಅಂದ್ರ ಜನ ಎದ್ದು ಮ್ಯಾಲಿನ ಡೆಕ್ಕಿಗೆ ಹೋಗ್ತಾರ ನೋಡು" ಎಂದರು.

ಬೀಚಿನಲ್ಲಿ ಹಡಗಿನ ಪ್ರವಾಸದ ಗುಂಪು ಛತ್ರಿಗಳ ಕೆಳಗೆ ಆಗಲೇ ಮಲಗಿತ್ತು. ಅವರ ಮುಂದೆ ನೀರಿನಲ್ಲಿ ಹಗ್ಗ ಕಟ್ಟಿ ಈಜುವ ಜಾಗ ಗುರುತು ಮಾಡಿದ್ದರು. ನಾವು ಅದನ್ನು ದಾಟಿ ಮರವೊಂದರ ನೆರಳಿನಲ್ಲಿ ಹಳೆಯ ಬೆಡ್‌ಶೀಟ್ ಹಾಸಿದೆವು. ಲಂಡನ್ನಿನಲ್ಲೇ ಮಸಾಲೆ ಹಚ್ಚಿ ತಂದ ಅವಲಕ್ಕಿಯ ಡಬ್ಬಿ ಬಿಚ್ಚಿದೆವು. ಪಕ್ಕದಲ್ಲಿ ಒಬ್ಬ ಹೆಂಗಸು ಕೆಂಡದ ಮೇಲೆ ಜೋಳದ ತೆನೆ ಸುಡುತ್ತಿದ್ದಳು. ಅಕ್ಕ ಎರಡು ಕೊಂಡು, ತಮ್ಮ ಚೀಲದಿಂದ ಖಾರದ ಪುಡಿ ತೆಗೆದು ನಿಂಬೆಹೋಳಿನಿಂದ ಉಜ್ಜಿದರು. ಆಕೆಗೂ ಒಂದು ತುಂಡು ಹಾಗೆ ಮಾಡಿ ಕೊಟ್ಟರು. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಅಕ್ಕ ಅಷ್ಟು ಸುಖವಾಗಿದ್ದುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಇದನ್ನು ಬರೆದರೆ ಸಮಾಧಾನಕ್ಕೆ ಬರೆದಂತಾಗುತ್ತದೆ ಎಂದು ಹೆದರಿಕೆ. ಆದರೂ ನಿಜ.

ನಾವು ನದಿಯ ಕಡೆ ಹೊರಟಾಗ ಆ ಹೆಂಗಸೇ ಕೂಗಿ ಇಂಗ್ಲಿಷಿನಲ್ಲಿ ಹೇಳಿದಳು. "ಸ್ನಾನ ಈ ಕಡೆ ಮಾಡು ಡಾರ್ಲಿಂಗ್, ನದಿ ಬಾಯಿ ಹತ್ತಿರ ಬೇಡ. ರಾತ್ರಿ ಬೆಟ್ಟದಲ್ಲಿ ಮಳೆಯಾಗಿದೆ."

ನಾನು ನಿಂತೆ. "ಅಕ್ಕ, ಇಲ್ಲೇ ಹಗ್ಗದ ಒಳಗೇ ಮುಳುಗಬಹುದಲ್ವಾ?"

"ಹಗ್ಗದಾಗ ಮುಳುಗಿದ್ರ ಅದು ಸ್ವಿಮಿಂಗ್ ಪೂಲ್ ಆತು, ಸಂಗಮ ಹೆಂಗ ಆಗ್ತದ?" ಎಂದರು. "ಆಕಿ ಈಜೋ ಮಂದಿಗೆ ಹೇಳ್ತಾಳ. ನಾವೇನ ಈಜೋರಾ? ಮೂರು ಮುಳುಗು, ಎದ್ದು ಬರೋದು. ಅಪ್ಪಗೊಂದು, ಅವ್ವಗೊಂದು, ನನಗೊಂದು."

ಇಲ್ಲಿ ನಾನು ಅವರನ್ನು ತಡೆಯಬೇಕಿತ್ತು ಎಂದು ಹೇಳುವುದು ಸುಲಭ. ಆದರೆ ನನಗೂ ಅದು ಸರಿ ಎನ್ನಿಸಿತ್ತು. ಸಂಗಮ ಎಂದರೆ ನಮ್ಮ ತಲೆಯಲ್ಲಿ ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಸರಪಳಿ, ಒದ್ದೆ ಸೀರೆ ಹಿಂಡುವ ನೂರು ಜನ. ಶ್ರೀರಂಗಪಟ್ಟಣದಲ್ಲಿ ಆರು ವರ್ಷದವಳಾಗಿದ್ದಾಗ ನಾನು ಹಾಗೆ ಮುಳುಗಿದ್ದೆ. ಕೂಡಲಸಂಗಮದಲ್ಲಿ ಅಕ್ಕ ಮುಳುಗಿದ್ದರು. ಎರಡು ನೀರು ಕೂಡುವ ಕಡೆ ಮನುಷ್ಯರು ಸ್ನಾನ ಮಾಡುತ್ತಾರೆ. ಅದರಲ್ಲಿ ಅಪಾಯ ಇರಬಹುದೆಂದು ನಮಗೆ ಹೊಳೆಯಲೇ ಇಲ್ಲ. ಇಲ್ಲಿ ಮೆಟ್ಟಿಲಿರಲಿಲ್ಲ. ಒಬ್ಬರೂ ಇರಲಿಲ್ಲ. ಊರಿನವರೆಲ್ಲ ಬಿಟ್ಟ ಜಾಗ ಅದು ಎಂದು ಅರ್ಥ ಮಾಡಿಕೊಳ್ಳಬೇಕಿದ್ದ ನಾವು, "ಎಷ್ಟು ನಿರಾಳ" ಎಂದುಕೊಂಡೆವು. ಅಲೆಗಳು ಕೂಡ ಅಲ್ಲಿ ಕಡಿಮೆ. ಎರಡೂ ಬದಿಗೆ ನೊರೆಯೊಡೆಯುತ್ತಿದ್ದ ಸಮುದ್ರ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಸುಮ್ಮನಿತ್ತು, ಕಂದು ಬಣ್ಣದಲ್ಲಿ. ಆ ಸುಮ್ಮನಿದ್ದ ಪಟ್ಟಿಯನ್ನೇ ನಾನು ಬೆರಳು ಮಾಡಿ ತೋರಿಸಿದೆ. "ಅಲ್ಲಿ ಅಲೆ ಇಲ್ಲ ಅಕ್ಕ, ಅಲ್ಲೇ ಹೋಗೋಣ." ನೀರು ದಡದಿಂದ ಸಮುದ್ರದೊಳಕ್ಕೆ ಎಳೆದುಕೊಂಡು ಹೋಗುವ ಕಡೆ ಅಲೆ ಒಡೆಯುವುದಿಲ್ಲವಂತೆ. ಇದನ್ನು ಆಮೇಲೆ ಪೊಲೀಸಿನವರು ಹೇಳಿದರು.

ಚೂಡಿದಾರದಲ್ಲೇ ಇಳಿದೆವು. ನಮ್ಮವರು ಸಮುದ್ರಕ್ಕೆ ಇಳಿಯುವುದೇ ಹಾಗೆ, ಮೈತುಂಬ ಬಟ್ಟೆ, ಕೈಗೆ ಕೈ. ಮೊಣಕಾಲು, ತೊಡೆ, ಸೊಂಟ. ನದಿಯ ನೀರು ತಣ್ಣಗೆ, ಸಮುದ್ರದ್ದು ಬೆಚ್ಚಗೆ. ಎರಡೂ ಒಂದೇ ಸಲ ಕಾಲಿಗೆ ತಾಗುತ್ತಿದ್ದವು. ಅಕ್ಕ ಮೂಗು ಹಿಡಿದು ಮುಳುಗಿದರು, ಎದ್ದರು. ಅಪ್ಪನದು. ಮತ್ತೆ ಮುಳುಗಿ ಎದ್ದು ಉಸಿರು ಬಿಡುತ್ತಾ, "ಅವ್ವಂದೂ ಆತು" ಎಂದರು. ಮೂರನೆಯದಕ್ಕೆ ಅವರು ಬಗ್ಗಿದಾಗ ನನ್ನ ಕಾಲ ಕೆಳಗಿನ ಮರಳು ಹೋಯಿತು.

ಹೋಯಿತು ಎಂದರೆ, ಯಾರೋ ಚಾಪೆ ಎಳೆದಂತೆ. ಅಕ್ಕ ಮೇಲೆದ್ದಾಗ ನನ್ನಿಂದ ತೋಳುದ್ದ ಮುಂದಿದ್ದರು, ಅವರ ಕಾಲಿಗೂ ನೆಲ ಇರಲಿಲ್ಲ. ದುಪಟ್ಟಾ ಕುತ್ತಿಗೆಗೆ ಸುತ್ತಿಕೊಂಡಿತ್ತು. ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದರು. ಮುಖದಲ್ಲಿ ಭಯಕ್ಕಿಂತ ಆಶ್ಚರ್ಯ ಹೆಚ್ಚಿತ್ತು. "ಹಿಡ್ಕೋ ನನ್ನ" ಎಂದರು. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ ಅಂದರು. ನನ್ನ ಬಾಯಿಗೆ ನೀರು ಬಂತು. ಅವರ ಭಾರ ನನ್ನನ್ನು ಎಳೆಯುತ್ತಿತ್ತು. ಇಬ್ಬರೂ ಹೋಗುತ್ತೇವೆ ಎಂದು ನನಗೆ ಗೊತ್ತಾಯಿತು.

ಕೈ ಜಾರಿತು ಎಂದು ಬರೆಯಬಹುದು. ಜಾರಲಿಲ್ಲ. ನಾನು ಬಿಡಿಸಿಕೊಂಡೆ. ಮಣಿಕಟ್ಟು ತಿರುಗಿಸಿ, ಬಲವಾಗಿ.

ಆಮೇಲೆ ನಾನು ಎತ್ತಲೋ ಕೈಕಾಲು ಬಡಿದೆ. ಪಕ್ಕದಲ್ಲೇ ನೀರಿನೊಳಗಿದ್ದ ಮರಳುದಿಬ್ಬ ಕಾಲಿಗೆ ಸಿಕ್ಕಿತು, ನಾಲ್ಕು ಹೆಜ್ಜೆಯೂ ಇರಲಿಲ್ಲ. ನಿಂತು ತಿರುಗಿ ನೋಡಿದಾಗ ಅಕ್ಕನ ತಲೆ ತೆಂಗಿನಕಾಯಿಯಷ್ಟು ಕಾಣುತ್ತಿತ್ತು, ಕಂದು ಪಟ್ಟಿಯ ಉದ್ದಕ್ಕೂ ಸಾಗುತ್ತಿತ್ತು. ನಾನು ಕನ್ನಡದಲ್ಲಿ ಕಿರುಚುತ್ತಿದ್ದೆನಂತೆ. ಜೋಳದ ಹೆಂಗಸು ಓಡಿ ಬಂದು ಮೀನುಗಾರರನ್ನು ಕೂಗಿದಳು. ದೋಣಿಯಲ್ಲಿ ಇಬ್ಬರು ಹೋದರು. ಅಕ್ಕನನ್ನು ತಂದು ಮರಳಿನ ಮೇಲೆ ಮಲಗಿಸಿ ಬಹಳ ಹೊತ್ತು ಎದೆ ಒತ್ತಿದರು. ಜೋಳದ ಹೆಂಗಸು ಅಕ್ಕನ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದಳು. ನನಗೆ ಒಂದು ಮಾತೂ ಬೈಯಲಿಲ್ಲ.

ಸಂಜೆ ಹಡಗು ಹೊರಟು ಹೋಯಿತು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಗಂಡನಿಗೆ ಫೋನ್ ಮಾಡಿದೆ. ಅವನು ಮೊದಲು ಆಸ್ಪತ್ರೆಯ ಹೆಸರು ಕೇಳಿ ಬರೆದುಕೊಂಡ. ಆಮೇಲೆ ಕೇಳಿದ. "ನೀ ಎಲ್ಲಿದ್ದಿ ಆವಾಗ?"

"ಪಕ್ಕದಲ್ಲೇ ಇದ್ದೆ. ಕೈ ಹಿಡ್ಕೊಂಡಿದ್ದೆ. ಕೊನೇವರೆಗೂ ಹಿಡ್ಕೊಂಡಿದ್ದೆ, ಅಲೆ ಕಿತ್ಕೊಂಡು ಹೋಯ್ತು."

ಆ ಮಾತು ನನಗಿಂತ ಮೊದಲು ಲಂಡನ್ ತಲುಪಿತು. ಅಕ್ಕನ ದೇಹ ಬಂದು, ದಹನ ಮುಗಿದು, ವೈಕುಂಠ ಸಮಾರಾಧನೆಗೆ ಹೌನ್ಸ್ಲೋದ ಬಾಡಿಗೆ ಹಾಲಿನಲ್ಲಿ ಕನ್ನಡದವರು ಸೇರಿದಾಗ, ಪರಿಚಯವಿಲ್ಲದ ಹೆಂಗಸರು ನನ್ನ ಎಡಗೈ ಹಿಡಿದು ಅತ್ತರು. "ಕೊನೇ ಗಳಿಗೆವರೆಗೂ ಕೈ ಬಿಡಲಿಲ್ಲವಂತಲ್ಲಮ್ಮ." ಧಾರವಾಡದಲ್ಲಿರುವ ಅಕ್ಕನ ಚಿಕ್ಕಮ್ಮ ವಿಡಿಯೋ ಕರೆಯಲ್ಲಿ, "ಹೊಟ್ಟ್ಯಾಗ ಹುಟ್ಟಿದ ಮಗಳು ಇದ್ದಂಗ ಇದ್ದಿ ನೀ" ಎಂದರು. ಗಂಡ ಪ್ರತಿಯೊಬ್ಬರಿಗೂ ಅದನ್ನೇ ಹೇಳುತ್ತಿದ್ದ. ಅವನಿಗೆ ನಿಲ್ಲಲು ಇದ್ದ ನೆಲ ಅದೊಂದೇ ಎಂದು ನನಗೆ ಕಾಣುತ್ತಿತ್ತು. ಅದಕ್ಕೇ ಸುಮ್ಮನಿದ್ದೆ. ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ.

ಮೈ ಮಾತ್ರ ಸುಮ್ಮನಿರಲಿಲ್ಲ. ಪಿಕ್ಯಾಡಿಲಿ ಲೈನಿನ ರೈಲಿನಲ್ಲಿ ಕಂಬಿ ಹಿಡಿದು ನಿಂತಾಗ ಮಣಿಕಟ್ಟು ತಾನಾಗಿ ತಿರುಗುತ್ತದೆ. ಸೌತ್‌ಹಾಲ್‌ನ ಅಂಗಡಿಯಲ್ಲಿ ಬೇಳೆ ತೂಗಿಸುವ ಹೊತ್ತಿನಲ್ಲಿ ಕಾಲ ಕೆಳಗಿನ ಮರಳು ಹೋಗುತ್ತದೆ. ನಮ್ಮ ಡಾಕ್ಟರು ಕಳಿಸಿದ ಕೌನ್ಸೆಲರ್, "ಬದುಕಲು ದೇಹ ಮಾಡುವ ಕೆಲಸ ಅದು, ತಪ್ಪಲ್ಲ" ಎಂದಳು. ಇರಬಹುದು. ಆದರೆ ನಾನು ಹೇಳಿದ ಸುಳ್ಳನ್ನು ನನ್ನ ದೇಹ ಹೇಳಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಗಂಡ ಅಡುಗೆಮನೆಯ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಬರೆಯುತ್ತಿದ್ದ. ನಾವು ಕಾಲೇಜಿನಲ್ಲಿ ಒಂದೇ ತರಗತಿಯವರು, ಇವತ್ತಿಗೂ ಹೋಗು ಬಾ ಎಂದೇ ಮಾತು.

"ಏನದು?" ಎಂದೆ.

"ಕನ್ನಡ ಸಂಘದ ಪತ್ರಿಕೀಗೆ. ಅಕ್ಕನ ಬಗ್ಗೆ ಒಂದು ಪುಟ ಕೇಳ್ಯಾರ. ಕೊನೀಗೆ ನಿನ್ನ ಬಗ್ಗೆ ಬರದೀನಿ, ಓದು."

ಓದಿದೆ. ಅದೇ ಮಾತು. ಅಚ್ಚಾಗಲಿತ್ತು.

"ಇದನ್ನ ತೆಗಿ" ಎಂದೆ.

"ಯಾಕ? ನಾಚಿಕೀ ಏನು ಅದರಾಗ?"

"ನಾನು ಹಿಡ್ಕೊಂಡಿರಲಿಲ್ಲ. ಬಿಡಿಸ್ಕೊಂಡೆ. ಅವರು ಎರಡೂ ಕೈಯಲ್ಲಿ ಹಿಡ್ಕೊಂಡಿದ್ರು, ನಾನು ಕೈ ತಿರುಗಿಸಿ ಬಿಡಿಸ್ಕೊಂಡೆ."

ಅವನು ಲ್ಯಾಪ್‌ಟಾಪ್ ಮುಚ್ಚಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಚಿಕ್ಕ ಹುಡುಗರು ಕೇಳುವ ದನಿಯಲ್ಲಿ ಕೇಳಿದ.

"ಅಕ್ಕಾನೇ ಬಿಡು ಅಂದಿರಬೇಕಲಾ? ನೀನರ ಉಳೀ ಅಂತ. ಆಕಿ ಸ್ವಭಾವನ ಹಂಗ."

ಹೌದು ಎಂದು ಒಂದು ಮಾತು ಸಾಕಿತ್ತು. ಅವನು ಬಾಗಿಲು ತೆಗೆದು ನಿಂತಿದ್ದ, ನಾನು ಒಳಗೆ ಹೋದರಾಗಿತ್ತು.

"ಇಲ್ಲ. ಹಿಡ್ಕೋ ಅಂದ್ರು."

ಅವನು ಎದ್ದು ಹೋಗಿ ಸಿಂಕಿನ ಮುಂದೆ ನಿಂತ. ನಲ್ಲಿ ತಿರುಗಿಸಲಿಲ್ಲ. ನನಗೆ ಬೆನ್ನು ಹಾಕಿಯೇ, "ಎಲ್ಲಾ ಹೇಳು. ಮುಂಜಾನಿ ಹಡಗಿನಿಂದ ಇಳದದ್ದರಿಂದ" ಎಂದ. ನಾನು ಗೇಟಿನ ಟ್ಯಾಕ್ಸಿಯವರಿಂದ ಶುರು ಮಾಡಿದೆ. ಬಸ್ಸಿನ ಮಾತಿಗೆ ಅವನ ಭುಜ ಒಮ್ಮೆ ಅಲುಗಿತು, ನಕ್ಕನೋ ಏನೋ ತಿಳಿಯಲಿಲ್ಲ. ಕೈಯ ವಿಷಯಕ್ಕೆ ಬಂದಾಗಲೂ ನಾನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಅವನು ಕೋಟು ಹಾಕಿಕೊಂಡು ಹೊರಗೆ ಹೋದ, ಮಧ್ಯಾಹ್ನ ಊಟದ ಹೊತ್ತಿಗೆ ಬಂದ. ನಾನು ಬಡಿಸಿದ್ದನ್ನು ಉಂಡ.

ಪತ್ರಿಕೆಗೆ ಅವನು ಕಳಿಸಿದ ಪುಟದಲ್ಲಿ ಆ ಮಾತಿಲ್ಲ. ಅಕ್ಕ ನೀರಿನಲ್ಲಿ ತೀರಿಕೊಂಡರು, ಜೊತೆಗೆ ನನ್ನ ಹೆಂಡತಿ ಇದ್ದಳು ಎಂದಷ್ಟೇ ಇದೆ. ಧಾರವಾಡಕ್ಕೆ ಇನ್ನೂ ಹೇಳಿಲ್ಲ. ಚಿಕ್ಕಮ್ಮನಿಗೆ ತಾನೇ ಹೇಳುತ್ತೇನೆ ಎಂದಿದ್ದಾನೆ. ಅವರ ಫೋನ್ ಬಂದಾಗಲೆಲ್ಲ ಅವನು ಬೇರೆ ಕೋಣೆಗೆ ಎದ್ದು ಹೋಗುತ್ತಾನೆ. ನಾನು ಇಲ್ಲೇ ಕೂತು, ಅವನ ದನಿ ಎಲ್ಲಿ ತಗ್ಗುತ್ತದೆ ಎಂದು ಕೇಳುತ್ತಿರುತ್ತೇನೆ.